ಏರಿ ಇಲ್ಲದ ಕೆರೆ

ಬೆಳಗಿನ ಐದೂವರೆ. ಸದರ್ನ್ ಅವೆನ್ಯೂ ದಾಟಿ, ಕಬ್ಬಿಣದ ಗೇಟಿನೊಳಗೆ ನುಗ್ಗಿ, ಮರಗಳ ಮಬ್ಬಿನಿಂದ ಈಚೆ ಬಂದೆ ನೋಡಿ, ಎದುರಿಗೆ ನೀರೇ ನೀರು! ಪಾರ್ಕು ಅಂದರೆ ಒಂದು ಕಾರಂಜಿ, ನಾಲ್ಕು ಬೆಂಚು, ಕತ್ತರಿ ಹಾಕಿದ ಬೇಲಿಗಿಡ ಇದ್ದೀತು ಅಂದುಕೊಂಡು ಚಪ್ಪಲಿ ಮೆಟ್ಟಿ ಬಂದವನು ನಾನು. ಇಲ್ಲಿ ನೋಡಿದರೆ 73 ಎಕರೆ ನೀರು ಮಲಗಿದೆ. ಅದರ ಮೇಲೆ ಹಾವಿನಂಥ ಸಣಕಲು ದೋಣಿಯೊಂದರಲ್ಲಿ ನಾಲ್ಕು ಹುಡುಗರು ಹುಟ್ಟು ಹಾಕುತ್ತಿದ್ದಾರೆ. ನಾಲ್ಕೂ ಹುಟ್ಟು ಒಟ್ಟಿಗೆ ಏಳುತ್ತವೆ, ಒಟ್ಟಿಗೆ ಬೀಳುತ್ತವೆ. ಎತ್ತಿದಾಗ ಅಲಗಿನಿಂದ ತೊಟ್ಟಿಕ್ಕುವ ಹನಿಗಳು ಚುಕ್ಕಿ ಚುಕ್ಕಿಯಾಗಿ ದೋಣಿಯ ಹಿಂದೆ ಸಾಲು ಬಿಟ್ಟುಹೋಗುತ್ತವೆ. ದೋಣಿ ಮರೆಯಾದ ಮೇಲೂ ಆ ಚುಕ್ಕಿಗಳು ನೀರಿನ ಮೇಲೆ ಅಗಲವಾಗುತ್ತಲೇ ಇದ್ದವು.

ಇದು ಕೋಲ್ಕತ್ತದ ಬಾಲಿಗಂಜಿನ ದಕ್ಷಿಣ ಅಂಚು. ಕೆರೆಯ ಈಗಿನ ಹೆಸರು ರವೀಂದ್ರ ಸರೋಬರ್, ಹಳೆಯ ಹೆಸರು ಢಾಕುರಿಯಾ ಲೇಕ್. ಹೆಸರು ಬದಲಾದದ್ದು 1958ರಲ್ಲಿ. ಊರಿನವರ ಬಾಯಲ್ಲಿ ಇವತ್ತಿಗೂ ಬರೀ 'ಲೇಕ್'.

ನಾನು ಬಯಲುಸೀಮೆಯವನು. ಕೆರೆ ಕಂಡರೆ ಕಣ್ಣು ತಾನೇ ತಾನಾಗಿ ಮೂರು ವಸ್ತು ಹುಡುಕುತ್ತದೆ: ಏರಿ ಎಲ್ಲಿ, ತೂಬು ಎಲ್ಲಿ, ಕೋಡಿ ಎಲ್ಲಿ. ದಡದುದ್ದಕ್ಕೂ ನಡೆದೆ. ತೂಬಿಲ್ಲ, ಕೋಡಿ ಇಲ್ಲ. ಏರಿಯಂತೂ ಇಲ್ಲವೇ ಇಲ್ಲ! ಹುಲ್ಲುಹಾಸು ಇಳಿಜಾರಾಗಿ ಹೋಗಿ ಸೀದಾ ನೀರಿಗೆ ಕಾಲಿಟ್ಟಿದೆ. ಏರಿ ಇಲ್ಲದೆ ಇಷ್ಟು ನೀರು ನಿಂತದ್ದಾದರೂ ಹೇಗೆ?

ಪಕ್ಕದಲ್ಲಿ ಬಿರುಸಾಗಿ ಹೆಜ್ಜೆ ಹಾಕುತ್ತಿದ್ದ ಭಾವ ನಕ್ಕರು. ಅವರು ಇಲ್ಲಿಗೆ ವರ್ಗವಾಗಿ ಬಂದು, ಹೋಗಲು ಮನಸ್ಸಾಗದೆ ಉಳಿದವರು. "ಏರಿ ಹುಡುಕ್ತಿದ್ದೀಯೇನೋ ಮಾರಾಯ? ರಾತ್ರಿಯೆಲ್ಲ ಅದರ ಮೇಲೇ ಮಲಗಿದ್ದೆಯಲ್ಲ!"

ಅರ್ಥವಾಗಲಿಲ್ಲ. ಅರ್ಥವಾದಾಗ ನಿಂತಲ್ಲೇ ನಿಂತುಬಿಟ್ಟೆ.

ಕೋಲ್ಕತ್ತದ ನೆಲದ ಗುಟ್ಟು ಇಷ್ಟು. ಊರಿನ ಎತ್ತರದ ಜಾಗ ಹೂಗ್ಲಿ ನದಿಯ ದಂಡೆ. ಅಲ್ಲಿಂದ ದೂರ ಹೋದಷ್ಟೂ ನೆಲ ತಗ್ಗು. ನಮ್ಮಲ್ಲಿ ನೀರು ನದಿಯ ಕಡೆಗೆ ಹರಿದರೆ ಇಲ್ಲಿ ನದಿಗೆ ಬೆನ್ನು ಹಾಕಿ ಪೂರ್ವದ ಜವುಗಿಗೆ ಹರಿಯುತ್ತದೆ. ಊರು ದಕ್ಷಿಣಕ್ಕೆ ಬೆಳೆಯಬೇಕಾಗಿ ಬಂದಾಗ ಎದುರಿಗೆ ಸಿಕ್ಕಿದ್ದೂ ಇಂಥ ಜೌಗು, ಪೊದೆ, ಸೊಳ್ಳೆ. ಪ್ಲೇಗಿನ ಹೊಡೆತಕ್ಕೆ ನಮ್ಮ ಬಸವನಗುಡಿ, ಮಲ್ಲೇಶ್ವರ ಬೆಳೆದವಲ್ಲ, ಅದೇ ಪ್ಲೇಗಿನ ಭಯ ಇಲ್ಲಿಯೂ ಇತ್ತು. 1911ರ ಕಾಯ್ದೆಯ ಪ್ರಕಾರ ಕಲ್ಕತ್ತಾ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. 1920ರ ದಶಕದ ಆರಂಭದಲ್ಲಿ ಅದು ಇಲ್ಲಿ ಸುಮಾರು 192 ಎಕರೆ ಜೌಗುಕಾಡನ್ನು ವಶಕ್ಕೆ ತೆಗೆದುಕೊಂಡಿತು. ಮನೆ ಕಟ್ಟಬೇಕಾದರೆ ತಗ್ಗು ತುಂಬಬೇಕು, ತುಂಬಲು ಮಣ್ಣು ಬೇಕು. ಮಣ್ಣು ಎಲ್ಲಿಂದ ತರುವುದು? ಸುತ್ತಮುತ್ತ ಒಂದು ಗುಡ್ಡ ಬೇಡ, ದಿಣ್ಣೆಯಾದರೂ ಇದೆಯೇ?

ಅಗೆದರು. ನಡುವೆ ಅಗೆದು ಸುತ್ತಲೂ ಸುರಿದರು. ಗುಂಡಿ ಕೆರೆಯಾಯಿತು, ತಗ್ಗು ಬೀದಿಯಾಯಿತು!

ಬೆಂಚಿನ ಮೇಲೆ ಕೂತು ಲೆಕ್ಕ ಹಾಕಿದೆ. 73 ಎಕರೆಯನ್ನು ಒಂದೇ ಒಂದು ಅಡಿ ಅಗೆದರೂ 31 ಲಕ್ಷ ಘನ ಅಡಿಗೂ ಮೀರಿ ಮಣ್ಣು ಬರುತ್ತದೆ. ಒಂದು ಅಡಿಗೆ ಇಷ್ಟು! ಇಡೀ ಕೆರೆಯ ಮಣ್ಣನ್ನು ನೆನೆದರೆ ತಲೆ ಗಿರ್ರೆನ್ನುತ್ತದೆ. ನಾನು ಇಳಿದುಕೊಂಡಿದ್ದ ಅಕ್ಕನ ಮನೆಯ ಮೂರನೇ ಮಹಡಿಯ ಬಾಲ್ಕನಿ, ಅದರ ತುಳಸಿ ಕುಂಡ, ಕೆಳಗಿನ ಬೀದಿಯ ಟ್ಯಾಕ್ಸಿ, ಮೂಲೆಯಲ್ಲಿ ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಡುವವನು, ಇವೆಲ್ಲ ನಿಂತಿರುವುದು ಆ ಅಗೆದ ಮಣ್ಣಿನ ಮೇಲೆಯೇ. ಭಾವ ಏರಿ ಅಂದದ್ದು ಇದಕ್ಕೆ.

ಇನ್ನೊಂದು ಸಂಗತಿ ಕೇಳಿ, ನನಗಂತೂ ರೋಮಾಂಚನವಾಯಿತು. ಕನ್ನಡದಲ್ಲಿ ನಾವು ಕೆರೆ 'ಕಟ್ಟುತ್ತೇವೆ'. ಬಂಗಾಳಿಯಲ್ಲಿ 'ಪುಕುರ್ ಕಾಟಾ' ಅನ್ನುತ್ತಾರೆ, ಅಂದರೆ ಕೆರೆ ಕಡಿಯುವುದು! ಎರಡು ನೆಲಗಳ ಭೂಗೋಳವೆಲ್ಲ ಈ ಎರಡು ಕ್ರಿಯಾಪದಗಳಲ್ಲಿದೆ. ಇಳಿಜಾರು ಇರುವಲ್ಲಿ ಅಡ್ಡಗಟ್ಟಿದರೆ ಸಾಕು, ಮಟ್ಟಸ ಬಯಲಿನಲ್ಲಿ ಕಡಿಯದೆ ವಿಧಿಯಿಲ್ಲ. ಬಂಗಾಳದ ಹಳ್ಳಿಯಲ್ಲಿ ಮನೆ ಕಟ್ಟುವವನು ಮೊದಲು ಪಕ್ಕದಲ್ಲಿ ಪುಕುರ್ ಕಡಿಯುತ್ತಾನೆ, ಆ ಮಣ್ಣಿನಿಂದ ಮನೆಯ ಅಡಿಯನ್ನು ಎತ್ತರಿಸುತ್ತಾನೆ. ಮಳೆಗಾಲದಲ್ಲಿ ಮನೆ ಒಣಗಿರುತ್ತದೆ, ಹಿತ್ತಿಲಲ್ಲಿ ಮೀನು ಇರುತ್ತದೆ. ಟ್ರಸ್ಟಿನ ಇಂಜಿನಿಯರುಗಳು ಮಾಡಿದ್ದು ಒಬ್ಬ ಬಂಗಾಳಿ ರೈತ ಹಿತ್ತಿಲಲ್ಲಿ ಮಾಡುವುದನ್ನೇ, 192 ಎಕರೆಯಲ್ಲಿ!

ನಮ್ಮ ಬೆಂಗಳೂರು ನೆನಪಾಗದೆ ಇರುತ್ತದೆಯೇ? ನಾವು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಕಟ್ಟಿದೆವು, ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ ಎಬ್ಬಿಸಿದೆವು. ಊರಿಗಾಗಿ ಕೆರೆ ಮುಚ್ಚಿದವರು ನಾವು, ಊರಿಗಾಗಿಯೇ ಕೆರೆ ತೆಗೆದವರು ಇವರು. ಹೋಗಲಿ, ಬೆಳಗಿನ ಹೊತ್ತು ಆ ಮಾತು ಬೇಡ.

ದಕ್ಷಿಣದ ದಡಕ್ಕೆ ಬಂದರೆ ಮತ್ತೊಂದು ಬೆರಗು. ನೀರಿನ ನಡುವೆ ನಡುಗಡ್ಡೆ, ನಡುಗಡ್ಡೆಯ ಮೇಲೆ ಮಸೀದಿ, ಅಲ್ಲಿಗೆ ಹೋಗಲು ಒಂದು ಪುಟ್ಟ ತೂಗುಸೇತುವೆ. ಮಸೀದಿಯನ್ನು ನಡುನೀರಿನಲ್ಲಿ ಕಟ್ಟಿದ್ದು ಹೇಗೆ ಅಂತ ಕೇಳಹೊರಟವನು ನಾಲಿಗೆ ಕಚ್ಚಿಕೊಂಡೆ. ಮಸೀದಿ ಕೆರೆಗಿಂತ ಹಳೆಯದು! ಮೊದಲು ನೆಲವಿತ್ತು, ನೆಲದ ಮೇಲೆ ಮಸೀದಿ ಇತ್ತು. ಅಗೆಯುವವರು ಅದನ್ನು ಬಿಟ್ಟು ಸುತ್ತಲೂ ಅಗೆದರು. ಆಮೇಲೆ, ನಮಾಜಿಗೆ ಬರುವವರು ಈಜಿಕೊಂಡು ಬರಲಾದೀತೇ ಅಂತ ಸೇತುವೆ ತೂಗುಹಾಕಿದರು. ಉದ್ಯಾನವೊಂದರ ಅತಿ ಚೆಲುವಾದ ಮೂಲೆ ಹುಟ್ಟಿದ್ದು ಹೀಗೆ, ಇದ್ದದ್ದನ್ನು ಇದ್ದ ಹಾಗೇ ಬಿಟ್ಟಿದ್ದರಿಂದ. ಅಗೆಯುವಾಗ ಹಳೆಯ ಫಿರಂಗಿಗಳೂ ಸಿಕ್ಕವು. ನವಾಬ ಸಿರಾಜುದ್ದೌಲನ ಕಾಲದವು ಅನ್ನುತ್ತಾರೆ.

ಆಮೇಲೆ ಬಂದವರು ಎಷ್ಟು ಜನ! 1858ರಲ್ಲಿ ಹುಟ್ಟಿ ಹೂಗ್ಲಿಯಲ್ಲಿ ದೋಣಿ ಬಿಡುತ್ತಿದ್ದ ಕಲ್ಕತ್ತಾ ರೋಯಿಂಗ್ ಕ್ಲಬ್ ಈ ಶಾಂತ ನೀರಿಗೆ ಬಂದು ನೆಲೆಸಿತು. 1935ರಲ್ಲಿ ಜಪಾನಿನ ಭಿಕ್ಷು ನಿಚಿದತ್ಸು ಫುಜಿಯವರ ಬೌದ್ಧ ಮಂದಿರ ಪಕ್ಕದಲ್ಲೇ ಎದ್ದಿತು. ಕ್ರೀಡಾಂಗಣ ಬಂತು, ನಜರುಲ್ ಮಂಚ ಎಂಬ ಸಭಾಂಗಣ ಬಂತು. 2020ರ ಮೇ 20ರಂದು ಅಂಫಾನ್ ಚಂಡಮಾರುತವೂ ಬಂತು, ದಡದ ದೊಡ್ಡ ದೊಡ್ಡ ಮರಗಳನ್ನು ಬುಡಮೇಲು ಮಾಡಿ ಹೋಯಿತು. ಅದೇ ವರ್ಷ, ನೀರು ಕೆಡದಿರಲಿ ಅಂತ, ಇಲ್ಲಿ ಛಟ್ ಪೂಜೆ ನಡೆಸಬಾರದೆಂಬ ಹಸಿರು ನ್ಯಾಯಮಂಡಳಿಯ ಆದೇಶ ಗಟ್ಟಿಯಾಗಿ ನಿಂತಿತು. ಕೆರೆ ಬಳಸುವುದು ಹೇಗೆ ಎಂಬ ಜಗಳ ಇಲ್ಲಿಯೂ ಮುಗಿದಿಲ್ಲ, ನಮ್ಮಲ್ಲಿ ಮುಗಿಯದ ಹಾಗೆಯೇ.

ಮನೆಗೆ ಬಂದು ಭಾವನ ಟೇಬಲ್ ಮೇಲೆ ನಕ್ಷೆ ಹರಡಿದೆ. ಅಷ್ಟು ಹೊತ್ತು ಕಂಡ ಸೋಜಿಗ ಸಾಲದೆಂಬಂತೆ ಅಲ್ಲಿ ಇನ್ನೊಂದು ಕಾದಿತ್ತು! ಬಾಲಿಗಂಜಿನ ಬೀದಿಗಳ ನಡುವೆ ನೋಡಿ: ಒಂದು ತ್ರಿಕೋನ, ಅದರ ಹೆಸರೇ ಟ್ರಯಾಂಗ್ಯುಲರ್ ಪಾರ್ಕ್. ಒಂದು ವೃತ್ತ, ಗೋಲ್‌ಪಾರ್ಕ್. ಇನ್ನೊಂದು ಮ್ಯಾಡಾಕ್ಸ್ ಸ್ಕ್ವೇರ್, ದುರ್ಗಾಪೂಜೆಯ ರಾತ್ರಿಗಳಲ್ಲಿ ಇಡೀ ಊರಿನ ಹರೆಯದವರು ಹುಲ್ಲಿನ ಮೇಲೆ ಕೂತು ಅಡ್ಡಾ, ಅಂದರೆ ಹರಟೆ, ಹೊಡೆಯುವ ಜಾಗ. ಯಾವನೋ ಇಂಜಿನಿಯರು ಮಗನ ಕಂಪಾಸ್ ಪೆಟ್ಟಿಗೆ ತೆರೆದು ಕೂತಿದ್ದನೇ? ಈ ಜ್ಯಾಮಿತಿಯ ಬುಡಕ್ಕೆ ಬಂದರೆ ಥಟ್ಟನೆ ಗೆರೆಗಳೆಲ್ಲ ಕರಗುತ್ತವೆ. ಕೆರೆಯ ದಡಕ್ಕೆ ಒಂದು ನೇರ ಗೆರೆಯೂ ಇಲ್ಲ, ಹಸು ಮೇದು ಬಿಟ್ಟ ಎಲೆಯ ಅಂಚಿನ ಹಾಗೆ ಬಳುಕಿಕೊಂಡು ಹೋಗಿದೆ. ಸ್ಕೇಲು ಹಿಡಿದ ಕೈ ನೀರಿನ ಹತ್ತಿರ ಸ್ಕೇಲನ್ನು ಕೆಳಗಿಟ್ಟಿತ್ತು. ನನ್ನ ಮಟ್ಟಿಗೆ ಇಡೀ ವಿನ್ಯಾಸದ ಜಾಣತನವೆಲ್ಲ ಇಲ್ಲಿದೆ.

ಇವನ್ನೆಲ್ಲ ಪೋಣಿಸಿರುವ ದಾರ ರಾಸ್‌ಬಿಹಾರಿ ಅವೆನ್ಯೂ. ಇವತ್ತು ಸೀರೆ ಅಂಗಡಿಗಳಿಂದ ಝಗಮಗಿಸುವ ಈ ಬೀದಿಗೆ ಮೊದಲಿದ್ದ ಹೆಸರು ಮೇನ್ ಸೀವರ್ ರೋಡ್! ದೊಡ್ಡ ಚರಂಡಿ ಮೊದಲು, ಅದರ ಮೇಲೆ ರಸ್ತೆ. ಆ ಬೀದಿಯ 202ನೇ ನಂಬರಿನ ಮನೆಯಲ್ಲಿ 1937ರಿಂದ ಕವಿ ಬುದ್ಧದೇವ ಬಸು ಇದ್ದರು. ಅದೇ ಬೀದಿಯಲ್ಲಿ, ದೇಶಪ್ರಿಯ ಪಾರ್ಕಿನ ಹತ್ತಿರ, 1954ರ ಅಕ್ಟೋಬರ್ 14ರಂದು ಇನ್ನೊಬ್ಬ ಕವಿ ಜೀವನಾನಂದ ದಾಸರಿಗೆ ಟ್ರಾಮ್ ಬಡಿಯಿತು. ಎಂಟು ದಿನದ ಮೇಲೆ ತೀರಿಕೊಂಡರು.

ನೀವು ಹೋಗುವುದಾದರೆ ಒಂದು ಮಾತು. ಮೆಟ್ರೊದಲ್ಲಿ 'ರವೀಂದ್ರ ಸರೋಬರ್' ಅಂತಲೇ ಒಂದು ನಿಲ್ದಾಣವಿದೆ, ಅಲ್ಲಿ ಇಳಿಯಬೇಡಿ. ಉತ್ತರದಿಂದ ಬರುವಾಗ ಅದಕ್ಕಿಂತ ಒಂದು ನಿಲ್ದಾಣ ಮುಂಚೆ ಸಿಗುವ ಕಾಳಿಘಾಟ್‌ನಲ್ಲಿ ಇಳಿದು ರಾಸ್‌ಬಿಹಾರಿ ಅವೆನ್ಯೂ ಹಿಡಿದು ಪೂರ್ವಕ್ಕೆ ನಡೆಯಿರಿ. ಮೊದಲು ಲೇಕ್ ಮಾರ್ಕೆಟ್ ಸಿಗುತ್ತದೆ. ದಕ್ಷಿಣ ಭಾರತದವರ ಹಳೆಯ ನೆಲೆ ಅದು. ಅಕ್ಕ ಕರಿಬೇವು, ಬಾಳೆಲೆ ತರುವುದು ಅಲ್ಲಿಂದಲೇ, ಒಳ್ಳೆಯ ಕಾಫಿಯೂ ಸಿಗುತ್ತದೆ. ಅಲ್ಲಿಂದ ದೇಶಪ್ರಿಯ ಪಾರ್ಕು, ತ್ರಿಕೋನದ ಪಾರ್ಕು, ಗರಿಯಾಹಾಟ್ ಚೌಕ. ಬಲಕ್ಕೆ ತಿರುಗಿದರೆ ಗೋಲ್‌ಪಾರ್ಕ್, ಅದರಾಚೆ ನೀರು. ಕಾಫಿ ಹಿಂತಿರುಗುವಾಗ ಕುಡಿದರಾಯಿತು, ಬಿಸಿಲು ಏರುವ ಮೊದಲೇ ಹೊರಡಿ. ಸಂಜೆ ಹೋದರೆ ಕೂರಲು ಜಾಗ ಸಿಗುವುದಿಲ್ಲ, ಬೆಂಚುಗಳೆಲ್ಲ ಜೋಡಿಗಳ ಪಾಲು.