ಡಿಸೈನರ್‌ಗಳ ಸ್ವಂತ ಕೆಲಸ: ಮಿತಿ ಇದ್ದರೆ ಮುಗಿಯುತ್ತದೆ

ಗ್ರಾಫಿಕ್ ಡಿಸೈನ್, ವೆಬ್ ಡಿಸೈನ್, ಅನಿಮೇಷನ್ ಕ್ಷೇತ್ರಗಳಲ್ಲಿ ನಮ್ಮ ಸಮಾಜದ ಅನೇಕ ಯುವಕ ಯುವತಿಯರು ದುಡಿಯುತ್ತಿದ್ದಾರೆ. ಹಗಲು ಕಂಪನಿಯ ಕೆಲಸ. ಸಂಜೆ ಪಂಚಕಲ್ಯಾಣದ ಆಮಂತ್ರಣ, ಸಂಬಂಧಿಕರ ಮದುವೆ ಪತ್ರಿಕೆ, ಬಸದಿಯ ಬ್ಯಾನರ್. ಇವುಗಳ ನಡುವೆ, ತಾವೇ ಇಷ್ಟಪಟ್ಟು ಆರಂಭಿಸಿದ ಕೆಲಸ ವರ್ಷಗಟ್ಟಲೆ ಅರ್ಧದಲ್ಲೇ ಉಳಿಯುತ್ತದೆ. ಅದನ್ನು ಮುಗಿಸಲು ಬೇಕಾದ ಕ್ರಮ ನಮ್ಮ ಶ್ರಾವಕಾಚಾರದಲ್ಲೇ ಇದೆ.

ಯಮವಲ್ಲ, ನಿಯಮ

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಜೀವನಪರ್ಯಂತ ಪಾಲಿಸುವುದನ್ನು ಯಮವೆಂದೂ, ಕಾಲಮಿತಿಯಿಂದ ಪಾಲಿಸುವುದನ್ನು ನಿಯಮವೆಂದೂ ಹೇಳಿದ್ದಾರೆ. ಸ್ವಂತ ಕೆಲಸವನ್ನು ನಿಯಮದಂತೆ ಹಿಡಿಯಬೇಕು. ಉದಾಹರಣೆಗೆ, ಅನಂತ ಚತುರ್ದಶಿಯಿಂದ ದೀಪಾವಳಿಯ ಮಹಾವೀರ ನಿರ್ವಾಣದವರೆಗೆ ಸುಮಾರು 6 ವಾರ. ದಿನಕ್ಕೆ ಒಂದು ಗಂಟೆಯಂತೆ 40ಕ್ಕೂ ಹೆಚ್ಚು ಗಂಟೆಗಳಾಗುತ್ತವೆ. ಆ ಗಂಟೆ ಯಾವುದೆಂದು ಮನೆಯವರಿಗೂ ಮೊದಲೇ ತಿಳಿಸಿಡಿ.

ಪರಿಮಾಣ ಕಟ್ಟಿಕೊಳ್ಳಿ

ಶ್ರವಣಬೆಳಗೊಳದ ಶಾಸನಗಳ ಅಕ್ಷರಗಳಿಂದ ಒಂದು ಫಾಂಟ್ ಮಾಡಬೇಕೆಂಬ ಆಸೆ ಇದೆ ಎನ್ನೋಣ. ಆರ್. ನರಸಿಂಹಾಚಾರ್ಯರು 1923ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಎರಡನೇ ಸಂಪುಟದಲ್ಲೇ ಅಲ್ಲಿನ 500 ಶಾಸನಗಳಿವೆ. ಕಾಗುಣಿತ, ಒತ್ತಕ್ಷರ ಸೇರಿದರೆ ಒಂದು ಕನ್ನಡ ಫಾಂಟ್‌ಗೆ ನೂರಾರು ಆಕಾರಗಳು ಬೇಕು. 6 ವಾರದಲ್ಲಿ ಅದು ಆಗದು. ಒಂದೇ ಶಾಸನ ಆರಿಸಿ, ಅದರಲ್ಲಿರುವ ಅಕ್ಷರಗಳ ಒಂದು ಪಟ ಬರೆಯಿರಿ. ಅದು ಮುಗಿದ ಮೇಲೆ ಮುಂದಿನ ನಿಯಮ. ಶಾಸನದ ಫೋಟೊ ನೀವೇ ತೆಗೆಯಿರಿ. ಅಕ್ಷರ ಕಾಣಲೆಂದು ಕಲ್ಲಿಗೆ ಸೀಮೆಸುಣ್ಣ ಹಚ್ಚಬೇಡಿ. ಸಾವಿರ ವರ್ಷದ ಶಾಸನಕ್ಕೆ ಕಾಪಿರೈಟ್ ಇಲ್ಲ, ಆದರೆ ಬೇರೆಯವರು ಈಚೆಗೆ ತೆಗೆದ ಫೋಟೊಗೆ ಇರುತ್ತದೆ.

ಅಚೌರ್ಯ ಮತ್ತು ಕಾಯ್ದೆ

1957ರ ಕಾಪಿರೈಟ್ ಕಾಯ್ದೆಯ 17ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ನೌಕರ ತನ್ನ ಉದ್ಯೋಗದ ಭಾಗವಾಗಿ ಮಾಡಿದ ಕೃತಿಯ ಮೊದಲ ಒಡೆತನ ಮಾಲೀಕರದ್ದು. ಕೆಲವು ಕಂಪನಿಗಳ ಕರಾರು ಇನ್ನೂ ಮುಂದೆ ಹೋಗಿ, ಬಿಡುವಿನ ವೇಳೆಯ ಕೆಲಸವನ್ನೂ ಒಳಗೊಳ್ಳಬಹುದು. ನೇಮಕಾತಿ ಪತ್ರ ಓದಿ, ಅನುಮಾನವಿದ್ದರೆ ಲಿಖಿತ ಒಪ್ಪಿಗೆ ಪಡೆಯಿರಿ. ಕಂಪನಿಯ ಲ್ಯಾಪ್‌ಟಾಪ್, ಸಾಫ್ಟ್‌ವೇರ್, ಕೆಲಸದ ಸಮಯ ಬಳಸಬೇಡಿ. ಕದ್ದ ಸಾಫ್ಟ್‌ವೇರ್ ಕೂಡ ಬೇಡ. ಇಂಕ್‌ಸ್ಕೇಪ್, ಫಾಂಟ್‌ಫೋರ್ಜ್ ಉಚಿತವಾಗಿ ಸಿಗುತ್ತವೆ. ಅಚೌರ್ಯಾಣುವ್ರತ ಇಲ್ಲಿಗೂ ಅನ್ವಯಿಸುತ್ತದೆ.

ಸೇವೆಗೂ ಲೆಕ್ಕವಿರಲಿ

ಬಸದಿಯ ಕೆಲಸ ಪುಣ್ಯದ ಕೆಲಸವೇ. ಆದರೆ ನಾಳೆ ಮುದ್ರಣಕ್ಕೆ ಹೋಗಬೇಕಾದ ಪತ್ರಿಕೆಯ ಮಾಹಿತಿಯನ್ನು ಇಂದು ರಾತ್ರಿ ಕಳಿಸಿ, ಹತ್ತು ಸಲ ತಿದ್ದಿಸುವುದು ಸರಿಯಲ್ಲ. ತಿಂಗಳಿಗೆ ಒಂದು ಸೇವಾಕಾರ್ಯ, ಎರಡು ಸಲ ತಿದ್ದುಪಡಿ ಎಂದು ಡಿಸೈನರ್ ಮೊದಲೇ ನಮ್ರವಾಗಿ ಹೇಳಬಹುದು. ಸಮಿತಿಯವರು ವಿಷಯವನ್ನೆಲ್ಲ ಅಂತಿಮಗೊಳಿಸಿಯೇ ಕಳಿಸಲಿ. ಹಿರಿಯರು "ಕಂಪ್ಯೂಟರ್‌ನಲ್ಲಿ ಐದು ನಿಮಿಷದ ಕೆಲಸವಲ್ಲವೇ" ಎನ್ನುವುದನ್ನು ಬಿಡಲಿ.

ಅವಧಿ ಮುಗಿದ ದಿನ ಕೆಲಸ ಎಲ್ಲಿಗೆ ಬಂದಿದೆಯೋ ಅದನ್ನು ಮನೆಯವರಿಗೆ ಅಥವಾ ಬಸದಿಯ ಪಾಠಶಾಲೆಯ ಮಕ್ಕಳಿಗೆ ತೋರಿಸಿ. ತಾವು ಓದಲಾಗದ ಹಳಗನ್ನಡ ಅಕ್ಷರವನ್ನು ಒಂದು ಮಗು ಆ ಪಟ ನೋಡಿ ಗುರುತಿಸಿದರೆ, ಮುಂದಿನ ನಿಯಮ ಹಿಡಿಯಲು ಬೇರೆ ಪ್ರೇರಣೆ ಬೇಕಾಗದು.