ನಿಮಗಿದು ಗೊತ್ತೆ? ಹರಳು ಸಿಲುಕುವ ಮೂರು ಎಡೆಗಳು
ಬೆನ್ನೆಲುಬಿನ ಇಕ್ಕೆಲಗಳಲ್ಲಿ, ಕೆಳಗಣ ಪಕ್ಕೆಲುಬುಗಳ ಆಶ್ರಯದಲ್ಲಿ ನೆಲೆಸಿರುವ, ಅಲಸಂದೆ ಕಾಳಿನ ಆಕಾರದ, ಒಂದೊಂದೂ ಸುಮಾರು 150 ಗ್ರಾಂ ತೂಗುವ ಮೂತ್ರಪಿಂಡಗಳು, ತಮ್ಮೊಳಗಿನ ತಲಾ ಹತ್ತು ಲಕ್ಷದಷ್ಟು ಸೂಕ್ಷ್ಮ ಶೋಧಕಗಳ ಮೂಲಕ ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಅದರಲ್ಲಿ ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಗೆ ಬಿಟ್ಟು, ಉಳಿದುದೆಲ್ಲವನ್ನೂ ರಕ್ತಕ್ಕೆ ಮರಳಿಸುತ್ತವೆ; ಈ ಮಿತವ್ಯಯವು ನಿಜಕ್ಕೂ ಬೆರಗು ಹುಟ್ಟಿಸುವಂಥದು. ಆದರೆ ಉಷ್ಣಮಾನವು 40 ಡಿಗ್ರಿಯನ್ನು ಮೀರುವ ಬೇಸಗೆಯಲ್ಲಿ, ಆಳಂದ, ಅಫಜಲಪುರ, ಜೇವರ್ಗಿಗಳ ಎರೆಹೊಲಗಳಲ್ಲಿ ದುಡಿಯುವವರ ದೇಹದ ನೀರು ಬಹಳಷ್ಟು ಬೆವರಾಗಿ ಹೋಗಿಬಿಡುವುದರಿಂದ, ಮೂತ್ರವು ಸಾಂದ್ರಗೊಂಡು, ಅದರಲ್ಲಿನ ಲವಣಗಳು ಹರಳುಗಟ್ಟುವ ಸಂಭವ ಹೆಚ್ಚು. ಸುಶ್ರುತಸಂಹಿತೆಯು ಅಶ್ಮರಿಯೆಂದು ಕರೆದ ಈ ಹರಳು ಕೆಳಗಿಳಿಯುವಾಗ, 25ರಿಂದ 30 ಸೆಂ.ಮೀ. ಉದ್ದದ ಮೂತ್ರನಾಳದಲ್ಲಿ ಮೂರೆಡೆ ಸಿಲುಕಬಹುದು: ನಾಳವು ಮೂತ್ರಪಿಂಡದಿಂದ ಹೊರಡುವಲ್ಲಿ, ಕಿಬ್ಬೊಟ್ಟೆಯ ದೊಡ್ಡ ರಕ್ತನಾಳಗಳನ್ನು ದಾಟುವಲ್ಲಿ, ಮತ್ತು ಎಲ್ಲಕ್ಕಿಂತ ಇಕ್ಕಟ್ಟಾದ ಮೂತ್ರಕೋಶದ ಪ್ರವೇಶದಲ್ಲಿ. ಹರಳು ಹೀಗೆ ಸಿಲುಕಿದಾಗ ಬೆನ್ನಿನ ಬದಿಯಿಂದ ತೊಡೆಸಂದಿಗೆ ಅಲೆಯಲೆಯಾಗಿ ಇಳಿಯುವ ತೀವ್ರ ವೇದನೆಯೊಂದಿಗೆ ಚಳಿಜ್ವರವೂ ಕೂಡಿತೆಂದರೆ, ಮನೆಮದ್ದಿನಲ್ಲಿ ಕಾಲ ಕಳೆಯದೆ, ಅಂದೇ ತಾಲೂಕು ಆಸ್ಪತ್ರೆಗೆ ಹೋಗತಕ್ಕದ್ದು.