ಎಣಿಕೆಗೆ ಸಿಕ್ಕದ ಮುಳ್ಳುಚಮಚ

ಮುಶಿಗೇರಿಯ ಗೌಂಡಿಯೊಬ್ಬನು ಕೆಲಸವನ್ನರಸಿ ಗೋವೆಗೆ ಹೋದನೆಂದು ಭಾವಿಸೋಣ. ಅವನಿಗೆ ಕೊಂಕಣಿಯನ್ನು ಕಲಿಸಬೇಕು. ಯಾವ ಶಬ್ದಗಳಿಂದ ಆರಂಭಿಸೋಣ? ವ್ಯಾಕರಣದ ಮೊದಲ ಪುಟದಿಂದ ಹೊರಟರೆ, ಕೂಲಿ ಕೇಳುವ ಮಾತು ಬಾಯಿಗೆ ಬರುವಷ್ಟರಲ್ಲಿ ಬಿತ್ತನೆಗಾಗಿ ಊರಿಗೆ ಮರಳುವ ಕಾಲ ಬಂದಿರುತ್ತದೆ.

ಇಂಥದೇ ಪ್ರಶ್ನೆಗೆ ಫ್ರಾನ್ಸಿನ ವಿದ್ವಾಂಸರು 1950ರ ದಶಕದಲ್ಲಿ ಪ್ರಯೋಗದಿಂದ ಉತ್ತರವನ್ನು ಹುಡುಕಿದರು. ಪರಭಾಷಿಕರಿಗೆ ಮೊದಲು ಕಲಿಸಬೇಕಾದ ಫ್ರೆಂಚ್ ಶಬ್ದಗಳಾವುವು ಎಂಬುದನ್ನು ಊಹಿಸದೆ ಅಳೆಯಬೇಕೆಂದು ಜಾರ್ಜ್ ಗುಗೆನೆಮ್ ಮತ್ತು ಅವರ ಸಹೋದ್ಯೋಗಿಗಳು ಬಗೆದರು. 275 ಜನರ ಸಹಜವಾದ ಮಾತುಕತೆಯನ್ನು ಧ್ವನಿಮುದ್ರಿಸಿ, ಬರೆದುಕೊಂಡು, ಎಣಿಸಿದರು. ಒಟ್ಟು ಪದಗಳು 3,12,135. ಅವುಗಳಲ್ಲಿ ಭಿನ್ನ ಶಬ್ದಗಳು ಸುಮಾರು 8,000 ಮಾತ್ರ! ಕೆಲವೇ ಶಬ್ದಗಳು ಮತ್ತೆ ಮತ್ತೆ ಬರುತ್ತವೆ. ಉಳಿದವು ಎಲ್ಲೋ ಒಮ್ಮೆ ಇಣುಕುತ್ತವೆ.

ಇಲ್ಲಿಯೇ ಒಂದು ತೊಡಕು ಕಾಣಿಸಿತು. ಪ್ರತಿಯೊಬ್ಬ ಫ್ರೆಂಚನೂ ದಿನವೂ ಕೈಯಲ್ಲಿ ಹಿಡಿಯುವ ಮುಳ್ಳುಚಮಚದ ಹೆಸರು ಆ ಮಾತುಗಳಲ್ಲಿ ಅತಿ ವಿರಳವಾಗಿತ್ತು. ಕಾರಣ ಸರಳ. 'ಇದೆ', 'ಬೇಡ', 'ಎಲ್ಲಿ' ಎಂಬಂಥ ಶಬ್ದಗಳು ಯಾವ ವಿಷಯದ ಮಾತಿನಲ್ಲಿಯೂ ಬರುತ್ತವೆ; ವಸ್ತುವಿನ ಹೆಸರಾದರೋ ಆ ವಸ್ತುವಿನ ಪ್ರಸಂಗ ಬಂದಾಗ ಮಾತ್ರ ಬರುತ್ತದೆ. ಆದುದರಿಂದ ಅವರು ಎರಡನೆಯ ಅಳತೆಯನ್ನು ಹೂಡಿದರು. ಊಟ, ಉಡುಪು, ಮನೆ ಮೊದಲಾದ 16 ವಿಷಯಗಳನ್ನು ಶಾಲಾಮಕ್ಕಳಿಗೆ ಕೊಟ್ಟು, ಪ್ರತಿಯೊಂದಕ್ಕೂ ಮನಸ್ಸಿಗೆ ಹೊಳೆದ 20 ಶಬ್ದಗಳನ್ನು ಬರೆಯಿಸಿದರು. ಅಡಗಿದ್ದ ಹೆಸರುಗಳು ಆಗ ಹೊರಬಿದ್ದುವು. ಎರಡು ಅಳತೆಗಳನ್ನೂ ಕೂಡಿಸಿ, 1,500ಕ್ಕೂ ಕಡಮೆ ಶಬ್ದಗಳ 'ಮೂಲ ಫ್ರೆಂಚ್' ಪಟ್ಟಿಯನ್ನು ಸಿದ್ಧಪಡಿಸಿದರು. ಪರದೇಶೀಯರಿಗಾಗಿ ರಚಿತವಾದ ಪಾಠಗಳಿಗೆ ಅದು ಆಧಾರವಾಯಿತು.

ಕನ್ನಡಕ್ಕೂ ಈ ಪಾಠ ಅನ್ವಯಿಸುತ್ತದೆ. 1969ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಭಾರತೀಯ ಭಾಷಾ ಸಂಸ್ಥಾನವು ಲಿಖಿತ ಕನ್ನಡದ ಪದಭಂಡಾರವನ್ನು ಸಂಗ್ರಹಿಸಿದೆ. ಆದರೆ ಮುದ್ರಿತ ಪುಟದ 'ಎಲ್ಲಿಗೆ ಹೋಗುತ್ತಿದ್ದೀರಿ?' ಎಂಬುದು ಮುಶಿಗೇರಿಯ ಬೀದಿಯಲ್ಲಿ 'ಎಲ್ಲಿಗ್ ಹೊಂಟೀರಿ?' ಎಂದಾಗುತ್ತದೆ. ಹೊರಗಿನಿಂದ ನಮ್ಮಲ್ಲಿಗೆ ಬರುವವನು ಮೊದಲು ಕೇಳುವುದು ಈ ಎರಡನೆಯದನ್ನೇ.

ನಮ್ಮ ಗೌಂಡಿಯ ಕಡೆಗೆ ಮರಳೋಣ. 'ಕೊಡು', 'ಬಾ', 'ಎಷ್ಟು' ಎಂಬವು ಎಣಿಕೆಯಿಂದ ದೊರೆಯುತ್ತವೆ. 'ಕರಣೆ', 'ಸಾರವೆ' ಎಂಬವನ್ನು ಕೆಲಸಗಾರರನ್ನೇ ಕೇಳಿ ತಿಳಿಯಬೇಕು. ಇನ್ನು, ಮೇಲಿನಿಂದ ಕಲ್ಲು ಜಾರಿದಾಗ ಕೂಗುವ 'ಸರಿ, ಸರಿ!' ಎಂಬ ಎಚ್ಚರಿಕೆ? ಅದು ಒಂದು ವರ್ಷದ ಮಾತಿನಲ್ಲಿ ಒಮ್ಮೆ ಬಂದೀತು. ಆ ಒಮ್ಮೆ ಅದು ಅರ್ಥವಾಗಲೇಬೇಕು. ಶಬ್ದದ ಬೆಲೆಯನ್ನು ಎಣಿಕೆಯೊಂದೇ ಹೇಳಲಾರದು.